ಎಲ್ಲ ಚಕ್ರಗಳೂ ಎಳೆಯಬೇಕು

ಜನವರಿ ೧೨

ಮಾವ,

ಅಮ್ಮ ಚೆನ್ನಾಗಿದ್ದಾಳೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಈಗ ಬಟ್ಟೆ ಕತ್ತರಿಸುವ ಮೇಜಿಗೆಲ್ಲ ಅವಳೇ ಮೇಲ್ವಿಚಾರಕಿ. ಸೈಕಲ್ ಅಂಗಡಿಯ ಮೇಲಿನ ನಮ್ಮ ಎರಡು ಕೋಣೆ ಇನ್ನೂ ಬಿದ್ದಿಲ್ಲ. ಕುಶಲದ ಮಾತು ಇಷ್ಟು ಸಾಕು, ಕೆಲಸದ ಮಾತಿಗೆ ಬರುತ್ತೇನೆ.

ನಮಗೊಂದು ದೊಡ್ಡ ಲಾರಿ ಬೇಕು. ಬಾಡಿ ಬೇಡ, ಬರೀ ಚಾಸಿ ಮತ್ತು ಕ್ಯಾಬಿನ್. ಅದರ ಮೇಲೆ ನಾವೇ ಒಂದು ಮನೆ ಕಟ್ಟಿಕೊಂಡು, ಸಾವಿರ ಪುಸ್ತಕ, ಒಂದು ಅಚ್ಚಿನ ಯಂತ್ರ, ನೀರಿನ ಟ್ಯಾಂಕು ಇಟ್ಟುಕೊಂಡು ಅದರಲ್ಲೇ ಬದುಕುತ್ತೇವೆ. ನಾವು ಎಂದರೆ ಆರು ಜನ: ಪ್ರೆಸ್ಸಿನ ಬೈಂಡಿಂಗ್ ಮೇಜಿನಿಂದ ನಾನು, ಅಚ್ಚಿನ ಯಂತ್ರ ನೋಡಿಕೊಳ್ಳುವ ಉದ್ದಣ್ಣ (ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ಬರುವವನು, ಅದಕ್ಕೇ ಆ ಹೆಸರು), ಆಸ್ಪತ್ರೆ ಬಿಟ್ಟು ಬರುತ್ತಿರುವ ನರ್ಸ್ ಅಕ್ಕ, ನಮ್ಮ ಓದುಕೂಟದ ಇನ್ನೂ ಮೂವರು.

ಸುರಂಗ ಕೊರೆಯುವವರು, ರಸ್ತೆ ಹಾಕುವವರು, ಕಲ್ಲು ಒಡೆಯುವವರು ವರ್ಷಕ್ಕೆ ಮೂರು ಕಡೆ ಬಿಡಾರ ಬದಲಿಸುತ್ತಾರೆ. ಗ್ರಂಥಾಲಯ ಮಾತ್ರ ಊರ ನಡುವೆ ಕಾಲು ಚಾಚಿ ಕೂತಿದೆ. ಬೇಕಾದವರು ಬರಲಿ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಪುಸ್ತಕವೇ ಹೋಗಬೇಕು, ಡಾಂಬರು ರಸ್ತೆ ಮುಗಿದ ಮೇಲೂ ಹೋಗಬೇಕು. ಜುಲೈಯಲ್ಲಿ ಗುಡ್ಡದಾಚೆ ಸುರಂಗದ ಕೆಲಸ ಶುರುವಾಗುತ್ತದೆ, ನಾನೂರು ಜನ ಬಿಡಾರ ಹೂಡುತ್ತಾರೆ. ಅಷ್ಟರಲ್ಲಿ ನಾವು ಅಲ್ಲಿರಬೇಕು. ಮನೆ ಕಟ್ಟಲು ಪ್ರೆಸ್ಸಿನ ಹಿಂದಿನ ಶೆಡ್ಡು ಕೊಟ್ಟಿದ್ದಾರೆ. ಜೂನ್ ಕೊನೆಗೆ ಅದನ್ನೂ ಕೆಡವುತ್ತಾರೆ. ಈ ವರ್ಷ ತಪ್ಪಿದರೆ ನಾವು ಚಹಾ ಕುಡಿಯುತ್ತ ಮಾತಾಡುವ ಇನ್ನೊಂದು ಕೂಟವಾಗಿ ಉಳಿಯುತ್ತೇವೆ. ಅಂಥವು ಈ ಊರಿನಲ್ಲಿ ಬೇಕಾದಷ್ಟಿವೆ.

ಎಲ್ಲವನ್ನೂ ಓಟು ಹಾಕಿ ತೀರ್ಮಾನಿಸಿದ್ದೇವೆ. ಮೂರು ಆಕ್ಸಲ್, ಆರು ಚಕ್ರ, ಆರಕ್ಕೂ ಎಂಜಿನ್ನಿನ ಶಕ್ತಿ. ಕೆಲವು ಚಕ್ರ ಎಳೆಯುವುದು, ಉಳಿದವು ಸುಮ್ಮನೆ ಉರುಳಿಕೊಂಡು ಬರುವುದು ನಮಗೆ ಒಪ್ಪಿಗೆಯಿಲ್ಲ. ಚಾಸಿ ಒಂದಿಷ್ಟೂ ಬಾಗಬಾರದು. ಡ್ರೈವರ್ ಎಂಬ ಹುದ್ದೆ ಇರುವುದಿಲ್ಲ, ಸರದಿಯ ಮೇಲೆ ಎಲ್ಲರೂ ಓಡಿಸುತ್ತೇವೆ.

ಮೂವತ್ತು ವರ್ಷದಿಂದ ಹಳೆ ಲಾರಿಗಳ ನಡುವೆ ಇರುವ ನಿಮಗಿಂತ ಚೆನ್ನಾಗಿ ಆರಿಸುವವರು ನನಗೆ ಗೊತ್ತಿಲ್ಲ. ಬೇಗ ಬರೆಯಿರಿ.

ನಿಮ್ಮ ಸೊಸೆ


ಜನವರಿ ೨೪

ಪುಟ್ಟೀ,

ನಿನ್ನ ಪತ್ರ ಎರಡು ಸಲ ಓದಿದೆ. ಮೊದಲ ಸಲ ಲಾರಿಗೋಸ್ಕರ, ಎರಡನೇ ಸಲ ಬೈಗುಳಕ್ಕೋಸ್ಕರ. ಹಳೆ ಲಾರಿ ಮಾರುವ ನಮ್ಮ ಅಂಗಳದ ಬಾಗಿಲಲ್ಲಿ ಲಾರಿ ತೂಗುವ ಕಟ್ಟೆ ಇದೆಯಲ್ಲ, ಅಲ್ಲಿ ಕೂರುವ ತೂಕದಮ್ಮನಿಗೂ ಓದಿ ಹೇಳಿದೆ. "ಆರು ಜನ, ಅಚ್ಚಿನ ಯಂತ್ರ, ಸಾವಿರ ಪುಸ್ತಕ, ನೀರಿನ ಟ್ಯಾಂಕು. ಇವ್ರು ಕಟ್ತಿರೋದು ಮನೇನಾ, ರೈಲ್ವೆ ಸ್ಟೇಷನ್ನಾ?" ಅಂದರು.

ನಗಬೇಡಿ ಅಂತ ನಾನು ಅವರಿಗೆ ಹೇಳಿದೆ. ನಿನಗೂ ಕೋಪ ಮಾಡಿಕೊಳ್ಳಬೇಡ ಅಂತ ಹೇಳುತ್ತೇನೆ, ಯಾಕೆಂದರೆ ನಾನು ಕೇಳುವುದೂ ಅದನ್ನೇ. ಒಟ್ಟು ತೂಕ ಎಷ್ಟು? ನೀರು ಎಷ್ಟು ದಿನಕ್ಕೆ? ಹೋಗುವ ದಾರಿಯಲ್ಲಿ ಅತಿ ಕಿರಿದಾದ ತಿರುವು ಎಷ್ಟು ಅಗಲ? ಕೆಟ್ಟರೆ ಬಿಚ್ಚುವವರು ಯಾರು? ಭಾರಿ ವಾಹನದ ಲೈಸೆನ್ಸ್ ಎಷ್ಟು ಜನಕ್ಕಿದೆ? ಓಟು ಹಾಕುವ ಮೊದಲು ಇವನ್ನು ಕೇಳಬೇಕಿತ್ತು.

ನನ್ನ ಪದ್ಧತಿ ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಅಂಗಳಕ್ಕೆ ಬಂದ ಪ್ರತಿ ಲಾರಿಯ ಅಡಿಗೆ ಮಲಗಿ, ಚಾಸಿ ಬೆಸೆದ ಒಂದೊಂದೇ ರಿವೆಟ್ ಮೊಳೆಯನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತೇನೆ. ಕಂಡ ದೋಷವನ್ನೆಲ್ಲ ಆ ಲಾರಿಯ ಬಾಗಿಲ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಅಂಗಳದ ಯಜಮಾನರಿಗೆ ಇದು ಹಿಡಿಸುವುದಿಲ್ಲ, ಆದರೆ ಕೊಳ್ಳುವವರು ಬರುವುದೇ ಆ ಬರಹ ನೋಡಲು.

ಆರು ಚಕ್ರದ್ದು ಒಂದಿದೆ, ಗಣಿಯಿಂದ ಬಂದದ್ದು. ಬರೀ ಚಾಸಿಯೇ ನಿಮ್ಮ ಮನೆ, ಸಾಮಾನು, ಜನ ಎಲ್ಲ ಸೇರಿದಷ್ಟು ತೂಗುತ್ತದೆ. ಬಿಗಿ ತಿರುವಿನಲ್ಲಿ ಹಿಂದಿನ ಎರಡು ಆಕ್ಸಲ್ ಒಂದನ್ನೊಂದು ಜಗ್ಗಾಡಿ ಟೈರು ತಿನ್ನುತ್ತವೆ. ಅದೂ ಅಲ್ಲದೆ ಕೊನೆಯ ಆಕ್ಸಲ್ಲಿನ ಹೊರಕವಚಕ್ಕೆ ಯಾರೋ ವೆಲ್ಡಿಂಗ್ ತೇಪೆ ಹಾಕಿದ್ದಾರೆ. ಬೇಡ.

ಅಮ್ಮನಿಗೆ ಕೇಳಿದೆ ಅಂತ ಹೇಳು.

ಮಾವ


ಫೆಬ್ರವರಿ ೩

ಮಾವ,

ತೂಕದಮ್ಮನಿಗೆ ಹೇಳಿ: ಸ್ಟೇಷನ್ ಎಂದರೂ ನಮಗೆ ಬೇಸರವಿಲ್ಲ, ಅಲ್ಲಿ ಎಲ್ಲರಿಗೂ ಪ್ರವೇಶವಿರುತ್ತದೆ.

ಉತ್ತರಗಳು. ಒಟ್ಟು ತೂಕ ಇನ್ನೂ ಲೆಕ್ಕ ಹಾಕುತ್ತಿದ್ದೇವೆ. ನೀರು ಐದು ದಿನಕ್ಕೆ. ತಿರುವು ಎಷ್ಟು ಅಗಲವೋ ಗೊತ್ತಿಲ್ಲ, ನರ್ಸ್ ಅಕ್ಕ ಹೋಗಿ ಅಳೆದು ಬರುತ್ತಾಳೆ. ಕೆಟ್ಟರೆ ನಾವೇ ಬಿಚ್ಚುತ್ತೇವೆ. ಲೈಸೆನ್ಸ್ ಸದ್ಯಕ್ಕೆ ಯಾರಿಗೂ ಇಲ್ಲ. ಆದರೆ ಊರಾಚೆಯ ಕಲ್ಲುಕೋರೆಯವರು ಸಂಜೆ ಹೊತ್ತು ಅವರ ಹಳೆಯ ಲಾರಿಯಲ್ಲಿ ಕಲಿಯಲು ಬಿಟ್ಟಿದ್ದಾರೆ. ನನಗೆ ಎರಡನೇ ಗೇರ್‌ವರೆಗೆ ಬಂದಿದೆ.

ಆ ಲಾರಿಯಲ್ಲಿ ಒಂದು ಒಳ್ಳೆಯ ಸನ್ನೆಕೋಲು ಇದೆ. ಅದನ್ನು ಎಳೆದರೆ ಎಡಬಲದ ಚಕ್ರಗಳು ಒಂದಕ್ಕೊಂದು ಬಿಗಿದುಕೊಂಡು ಸಮನಾಗಿ ತಿರುಗುತ್ತವೆ. ಉದ್ದಣ್ಣ ಅದನ್ನು ಕಂಡು, "ನಾವು ಕರಪತ್ರದಲ್ಲಿ ಬರೆಯೋದನ್ನ ಇವ್ರು ಕಬ್ಬಿಣದಲ್ಲೇ ಮಾಡಿಟ್ಟಿದ್ದಾರಲ್ಲ" ಎಂದ. ನಮಗೆ ಕೊಡುವ ಲಾರಿಯಲ್ಲಿ ಅದು ಇರಲೇಬೇಕು.

ಆರು ಚಕ್ರ ಅಷ್ಟು ಭಾರವೆಂದರೆ ನಾಲ್ಕು ಚಕ್ರಕ್ಕೆ ಒಪ್ಪುತ್ತೇವೆ. ಓಟಿನಲ್ಲಿ ಮೂರು ಮೂರು ಆಗಿ, ನಾನು ನನ್ನ ಓಟು ಬದಲಾಯಿಸಿದೆ. ನಾಲ್ಕಕ್ಕೂ ಎಂಜಿನ್ನಿನ ಶಕ್ತಿ ಇರಬೇಕೆಂಬುದನ್ನು ಮಾತ್ರ ಬಿಡುವುದಿಲ್ಲ.

ನಿಮ್ಮ ಸೊಸೆ


ಫೆಬ್ರವರಿ ೧೭

ಪುಟ್ಟೀ,

ಇನ್ನೆರಡು ನೋಡಿದೆ. ಒಂದು ಅಗ್ನಿಶಾಮಕದವರದು. ಮೈಕಟ್ಟು ಚೆನ್ನಾಗಿದೆ, ನಾಲ್ಕೂ ಚಕ್ರ ಎಳೆಯುತ್ತವೆ. ಆದರೆ ಅದಕ್ಕೆ ಎಂಜಿನ್ನಿಗಿಂತ ವೈರು ಹೆಚ್ಚು. ಒಂದು ಸಣ್ಣ ಸೆನ್ಸರ್ ಮುನಿಸಿಕೊಂಡರೆ ಸುರಂಗದ ಬಾಯಲ್ಲಿ ನಿಂತುಬಿಡುತ್ತದೆ. ನಿಮ್ಮಲ್ಲಿ ಕಂಪ್ಯೂಟರ್ ಹಚ್ಚಿ ನೋಡುವವರಿಲ್ಲ. ಬೇಡ.

ಇನ್ನೊಂದು ರಸ್ತೆ ಇಲಾಖೆಯದು. ಅದರ ಚಾಸಿ ಕ್ಯಾಬಿನ್ನಿನ ಹಿಂದೆ ಬಿರಿದಿದೆ. ಯಾರೋ ಪುಣ್ಯಾತ್ಮ ತೊಲೆಯ ಮೇಲಂಚಿಗೆ ತೂತು ಕೊರೆದು ಬೋಲ್ಟು ಹಾಕಿದ್ದ, ಬಿರುಕು ಆ ತೂತಿನಿಂದಲೇ ಹೊರಟಿದೆ. ಬೇಡ.

ಬಾಗದ ಚಾಸಿ ಬೇಕು ಅಂದೆಯಲ್ಲ, ಅಂಥದ್ದಿಲ್ಲ. ಚಾಸಿ ಅಂದರೆ ಎರಡು ಉದ್ದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಏಣಿ ಮಲಗಿಸಿದ ಹಾಗೆ. ಒಂದು ಚಕ್ರ ಹಳ್ಳಕ್ಕೆ ಇಳಿದರೆ ಆ ಏಣಿ ತಿರುಚಿಕೊಳ್ಳಬೇಕು. ತಿರುಚಿಕೊಂಡರೇ ನಾಲ್ಕು ಚಕ್ರವೂ ನೆಲದ ಮೇಲೆ ಉಳಿಯುವುದು. ಅದರ ಮೇಲೆ ಕೂರುವ ನಿಮ್ಮ ಮನೆ ಮಾತ್ರ ತಿರುಚಬಾರದು. ಎರಡನ್ನೂ ಹೇಗೆ ಹೊಂದಿಸುವುದು ಅಂತ ಲಾರಿ ಸಿಕ್ಕ ಮೇಲೆ ಹೇಳುತ್ತೇನೆ.

ಆ ಸನ್ನೆಯ ವಿಷಯ ಯಾಕೋ ಸರಿ ಕಾಣಲಿಲ್ಲ. ಅದನ್ನು ಯಾವಾಗ ಎಳೆಯುತ್ತೀರಿ, ಬರಿ.

ಮಾವ


ಮಾರ್ಚ್ ೨೧

ಮಾನ್ಯ ಮೇಸ್ತ್ರಿಗಳಿಗೆ,

ತಿಂಗಳ ಮೇಲಾಯಿತು ಬರೆದು. ಕಾರಣವಿದೆ.

ನಿಮ್ಮ ಫೆಬ್ರವರಿಯ ಪತ್ರ ಬಂದ ದಿನ ನಾನು ಇನ್ನೂ ಲಕೋಟೆ ಹರಿದಿರಲಿಲ್ಲ. ಅಮ್ಮ ದಾರ ಸುತ್ತುತ್ತ ಕೂತಿದ್ದವಳು, "ಮೂರನೇದೂ ಬೇಡ ಅಂದ್ನಾ?" ಎಂದು ಕೇಳಿದಳು. ಮೂರನೆಯದು ಇದೆ ಎಂಬುದು ನನಗೇ ಗೊತ್ತಿರಲಿಲ್ಲ. ನಾನು ಅವಳ ಮುಖ ನೋಡಿದೆ, ಅವಳು ದಾರ ನೋಡಿದಳು.

ನೀವಿಬ್ಬರೂ ಅಕ್ಕತಮ್ಮ. ಪತ್ರ ಬರೆದುಕೊಳ್ಳುವ ಹಕ್ಕು ನಿಮಗಿದೆ. ಆದರೆ ಇಲ್ಲ ಎಂದು ನೇರವಾಗಿ ಹೇಳುವವರನ್ನು ನಾನು ಗೌರವಿಸುತ್ತೇನೆ. ಬಾಗಿಲ ಮೇಲೆ ದೋಷ ಬರೆಯುವ ಮನುಷ್ಯ ಎಂದು ನಿಮ್ಮ ಬಗ್ಗೆ ಕೂಟದಲ್ಲಿ ಎಷ್ಟು ಹೊಗಳಿದ್ದೆ ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾವು ಆರು ಜನ ಇಲ್ಲಿಯೇ ಬೇರೆ ಲಾರಿ ನೋಡಿಕೊಳ್ಳುತ್ತೇವೆ. ಕೋರೆಯಲ್ಲಿ ನಮ್ಮ ಅಭ್ಯಾಸ ಚೆನ್ನಾಗಿ ನಡೆದಿದೆ. ತೊಂದರೆ ತೆಗೆದುಕೊಳ್ಳಬೇಡಿ.

ಇತಿ


ಮಾರ್ಚ್ ೩೦

ಪುಟ್ಟೀ,

ಮೇಸ್ತ್ರಿ ಅಂತ ಬರೆದದ್ದು ಒಳ್ಳೆಯದೇ ಆಯಿತು. ಮಾವನಾಗಿ ಉತ್ತರ ಕೊಡಲು ಮುಖವಿಲ್ಲ, ಮೇಸ್ತ್ರಿಯಾಗಿ ಕೊಡುತ್ತೇನೆ.

ನಿನ್ನ ಮೊದಲ ಪತ್ರಕ್ಕಿಂತ ಮೂರು ದಿನ ಮುಂಚೆ ನಿನ್ನಮ್ಮನ ಪತ್ರ ಬಂದಿತ್ತು. "ಅವಳು ನಿಂಗೆ ಬರೀತಾಳೆ. ಆಗಲ್ಲ ಅನ್ಬೇಡ, ಹಟ ಜಾಸ್ತಿಯಾಗತ್ತೆ. ಒಂದೊಂದು ಲಾರಿಗೂ ಒಂದೊಂದು ಕೊಂಕು ಹೇಳ್ತಾ ಹೋಗು. ಜುಲೈ ದಾಟಿದ್ರೆ ತಾನೇ ತಣ್ಣಗಾಗ್ತಾಳೆ" ಅಂತ ಬರೆದಿದ್ದಳು. ಅಕ್ಕನ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಒಪ್ಪಿದೆ.

ಆದರೆ ನಾನು ಬರೆದ ದೋಷಗಳಲ್ಲಿ ಒಂದೂ ಸುಳ್ಳಲ್ಲ. ಬಂದು ನೋಡು, ಮೂರು ಬಾಗಿಲ ಮೇಲೂ ಅವೇ ಸಾಲುಗಳಿವೆ. ಕೆಟ್ಟ ಲಾರಿಗಳ ಬಗ್ಗೆ ನಿಜವನ್ನೇ ಬರೆದೆ. ಒಳ್ಳೆಯದೊಂದರ ಬಗ್ಗೆ ಬರೆಯಲೇ ಇಲ್ಲ. ನಾನು ಮಾಡಿದ ಮೋಸ ಅದು.

ಹಿಂದಿನ ತಗಡಿನ ಶೆಡ್ಡಿನಲ್ಲಿ ಡಿಸೆಂಬರಿನಿಂದ ಒಂದು ನಿಂತಿದೆ. ಕಾಡಿನೊಳಗೆ ವಿದ್ಯುತ್ ಕಂಬ ನೆಡುವ ತಂಡದ್ದು. ಎರಡು ಆಕ್ಸಲ್, ನಾಲ್ಕು ಚಕ್ರ, ನಾಲ್ಕೂ ಎಳೆಯುತ್ತವೆ. ಹಿಂದೆ ಜೋಡಿ ಟೈರಿಲ್ಲ, ಒಂಟಿ. ಮುಂದಿನ ಚಕ್ರ ತುಳಿದ ಜಾಡಿನಲ್ಲೇ ಹಿಂದಿನದೂ ಬರುತ್ತದೆ, ಮರಳಿನಲ್ಲಿ ಅದು ದೊಡ್ಡ ಉಪಕಾರ. ನಾಲ್ಕೂ ಒಂದೇ ಅಳತೆ, ಆದ್ದರಿಂದ ಸ್ಟೆಪ್ನಿ ಒಂದೇ ಸಾಕು. ಎಂಜಿನ್ನಿಗೆ ವೈರಿನ ಕಾಟವಿಲ್ಲ, ಸ್ಪ್ಯಾನರ್ ಹಿಡಿಯಲು ಬರುವವರು ಬಿಚ್ಚಬಹುದು. ಒಂದೊಂದು ರಿವೆಟ್ಟನ್ನೂ ಬಡಿದೆ, ಗಂಟೆಯ ಹಾಗೆ ಸದ್ದು. ಎರಡು ತೊಲೆಗೂ ಮೂಲೆಯಿಂದ ಮೂಲೆಗೆ ದಾರ ಹಿಡಿದೆ, ಕೂದಲೆಳೆಯಷ್ಟೂ ವಾಲಿಲ್ಲ. ಬಾಗಿಲ ಮೇಲೆ ಬರೆಯಲು ಸಿಕ್ಕಿದ್ದು ಒಂದೇ: ಕ್ಯಾಬಿನ್ನಿನ ಸೂರು ಎಡಗಡೆ ಸೋರುತ್ತದೆ.

ಯಜಮಾನರು ಅದನ್ನು ಬೇರೆಯವರಿಗೆ ತೋರಿಸಲು ಹೊರಟಾಗ, ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಎರಡು ಸಲ ತಡೆದೆ. ತೂಕದಮ್ಮ ಇದನ್ನು ಗಮನಿಸಿದ್ದರು. ನಿನ್ನ ಪತ್ರ ಬಂದಾಗ ಓದಿ, "ಅವಳಿಗೂ ಕೊಡಲ್ಲ, ಬೇರೆಯವ್ರಿಗೂ ಕೊಡಲ್ಲ. ಇದೇನು ಲಾರೀನಾ, ಲಾಕರಲ್ಲಿಟ್ಟ ಒಡವೇನಾ?" ಅಂದರು.

ಒಂದು ತೊಡಕಿದೆ, ಅದನ್ನೂ ಮುಚ್ಚಿಡುವುದಿಲ್ಲ. ಇದರ ಮೇಲೆ ಹದಿನಾಲ್ಕು ಅಡಿಯ ಪೆಟ್ಟಿಗೆ ಕೂರುತ್ತದೆ, ಹೆಚ್ಚಿಲ್ಲ. ಮೂರು ಜನ ಆರಾಮಾಗಿ ಇರಬಹುದು. ಆರು ಜನಕ್ಕೆ ಸಾಲದು.

ನಿನ್ನಮ್ಮನಿಗೂ ಇವತ್ತೇ ಬರೆದಿದ್ದೇನೆ, ಇನ್ನು ನನ್ನ ಕೈಲಿ ಆಗುವುದಿಲ್ಲ ಅಂತ.

ಮಾವ


ಏಪ್ರಿಲ್ ೯

ಮಾವ,

ಮತ್ತೆ ಮಾವ ಎಂದೇ ಬರೆಯುತ್ತಿದ್ದೇನೆ. ಕೋಪ ಪೂರ್ತಿ ಹೋಗಿಲ್ಲ, ಆದರೆ ನನ್ನ ಬಾಗಿಲ ಮೇಲೂ ಬರೆಯಬೇಕಾದದ್ದು ಇದೆ.

ನಾವು ಆರು ಜನ ಇಲ್ಲ. ಮೂವರು. ಮಾರ್ಚಿನಲ್ಲಿ ಆರು ಎಂದು ಬರೆದಾಗಲೂ ಮೂವರೇ ಇದ್ದೆವು.

ನೀವು ಕೇಳಿದ ಸನ್ನೆಯನ್ನು ನಾವು ಸದಾ ಎಳೆದೇ ಇಡುತ್ತಿದ್ದೆವು. ಅದಕ್ಕೂ ಓಟು ಹಾಕಿದ್ದೆವು. ಯಾವ ಚಕ್ರಕ್ಕೂ ಹೆಚ್ಚು ಕಡಿಮೆಯಾಗಬಾರದು ಎಂದು ನಿರ್ಣಯ ಬರೆದವಳು ನಾನೇ. ಕೋರೆಯ ಮಣ್ಣಿನಲ್ಲಿ ಏನೂ ತಿಳಿಯಲಿಲ್ಲ. ಫೆಬ್ರವರಿ ಕೊನೆಗೆ ಸಿಮೆಂಟಿನ ಅಂಗಳದಲ್ಲಿ ಸುತ್ತು ಹೊಡೆಯಲು ಹೋದೆವು. ಲಾರಿ ಕುಪ್ಪಳಿಸಿತು, ಟೈರು ಚೀರಿತು. ಮೂರನೇ ಸುತ್ತಿನಲ್ಲಿ ಬಂದೂಕು ಹಾರಿಸಿದ ಹಾಗೆ ಸದ್ದಾಗಿ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ತುಂಡಾಯಿತು. ಸ್ಟೀರಿಂಗ್ ಹಿಡಿದಿದ್ದವಳೂ ನಾನೇ.

ಕೋರೆಯ ಡ್ರೈವರ್ ಬಂದು ಬಗ್ಗಿ ನೋಡಿ, "ಯಾರಮ್ಮಾ ಇದನ್ನ ಲಾಕ್ ಹಾಕ್ಕೊಂಡು ತಿರುಗ್ಸಿದ್ದು?" ಎಂದು ಕೇಳಿದ.

"ಲಾಕ್ ಹಾಕ್ಬೇಕು ಅಂತ ನಾವೆಲ್ಲ ಓಟು ಹಾಕಿದ್ವಿ" ಎಂದ ಉದ್ದಣ್ಣ.

"ಆಕ್ಸಲ್ಲಿಗೆ ಓಟಿತ್ತಾ?"

ಅವನು ಸೀಮೆಸುಣ್ಣ ತಂದು ಸಿಮೆಂಟಿನ ಮೇಲೆ ತಿರುವಿನ ಎರಡು ಗೆರೆ ಎಳೆದ, ಒಳಗಿನ ಚಕ್ರದ್ದೊಂದು, ಹೊರಗಿನದ್ದೊಂದು. "ನೀನೇ ಅಳಿ" ಎಂದ. ನಾನು ಹೆಜ್ಜೆಯಲ್ಲಿ ಅಳೆದೆ. ಒಳಗಿನದು ಇಪ್ಪತ್ತೊಂದು, ಹೊರಗಿನದು ಇಪ್ಪತ್ತಾರು. ಹೊರಗಿನ ಚಕ್ರಕ್ಕೆ ದಾರಿಯೇ ಹೆಚ್ಚು, ಅದಕ್ಕೆ ಸುತ್ತೂ ಹೆಚ್ಚು ಬೇಕು. ಅದನ್ನು ಹಂಚಿಕೊಡಲೆಂದೇ ಆಕ್ಸಲ್ಲಿನ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಉಂಡೆ ಇದೆ. ಸನ್ನೆ ಎಳೆದು ನಾವು ಅದರ ಬಾಯಿ ಕಟ್ಟಿದ್ದೆವು. ಕೆಸರಿನಲ್ಲಿ ಒಂದು ಚಕ್ರ ಹಿಡಿತ ಬಿಟ್ಟಾಗ ಮಾತ್ರ ಎಳೆಯಬೇಕಾದ ಸನ್ನೆ ಅದು. ಹೊರಗಿನ ಚಕ್ರಕ್ಕೆ ಸಮಾನತೆಯ ಹೆಸರಿನಲ್ಲಿ ಅನ್ಯಾಯ ಮಾಡಿದವಳು ನಾನು, ಮಾವ. ಇದನ್ನೇ ಬರೆದು ಅಚ್ಚು ಹಾಕಿಸಬೇಕು ಎಂದುಕೊಂಡಿದ್ದೇನೆ, ನಗಬೇಡಿ.

ಆ ಸಂಜೆಯೇ ಇಬ್ಬರು ಬಿಟ್ಟರು. ಇನ್ನೊಬ್ಬನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ, ಹೇಳಲು ನೆಪ ಸಿಕ್ಕಿತು. ಉಳಿದ ನಾವು ಮೂವರು ಹದಿನೈದು ದಿನ ಕೋರೆಯ ಲಾರಿಗಳನ್ನು ತೊಳೆದುಕೊಟ್ಟೆವು. ಶಾಫ್ಟ್ ಬದಲಿಸುವಾಗ ಡ್ರೈವರಿಗೆ ಸ್ಪ್ಯಾನರ್ ಎತ್ತಿಕೊಟ್ಟೆವು. ಈಗ ಅದನ್ನು ನಾನೇ ಬಿಚ್ಚಿ ಹಾಕಬಲ್ಲೆ. ಹೋದ ವಾರ ಲೈಸೆನ್ಸೂ ಬಂತು, ನನಗೂ ನರ್ಸ್ ಅಕ್ಕನಿಗೂ. ಉದ್ದಣ್ಣ ಹಿಂದಕ್ಕೆ ಹೋಗುವಾಗ ಕಂಬಕ್ಕೆ ಗುದ್ದಿದ.

ಅಮ್ಮನನ್ನು ಕೇಳಿದೆ. ಅವಳು ಜಗಳವಾಡಲಿಲ್ಲ. "ನಿನ್ನ ಕಂಕುಳಲ್ಲಿ ಎತ್ಕೊಂಡು ಹನ್ನೊಂದು ಬಾಡಿಗೆ ಮನೆ ಬದಲಾಯ್ಸಿದ್ದೀನಿ. ಇಲ್ಲಿಗೆ ಬಂದ ಮೇಲೆ ಪೆಟ್ಟಿಗೆ ಮಂಚದ ಕೆಳಗೆ ತಳ್ಳಿ, ಇನ್ನು ಕಟ್ಟಲ್ಲ ಅಂದ್ಕೊಂಡೆ. ಈಗ ನೀನು ಮನೇನೇ ಪೆಟ್ಟಿಗೆ ಮಾಡ್ತೀನಿ ಅಂತೀಯ" ಎಂದಳು. "ಯಾರೂ ಹೊರಗೆ ಹಾಕೋಕಾಗದ ಮನೆ ಅಮ್ಮ ಅದು" ಎಂದೆ. ಅವಳು ಮತ್ತೆ ದಾರ ಸುತ್ತತೊಡಗಿದಳು. ಒಪ್ಪಿದಳೆಂದಲ್ಲ.

ಇದೇ ತಿಂಗಳ ಇಪ್ಪತ್ತಾರಕ್ಕೆ ಮೂವರೂ ರೈಲು ಹತ್ತುತ್ತೇವೆ. ಮೂವರಿಗೆ ಸಾಲುವ ಆ ಲಾರಿಯನ್ನು ಅಲ್ಲಿಯವರೆಗೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಿರಿ.

ನಿಮ್ಮ ಸೊಸೆ


ಮೇ ೧೬

ಪುಟ್ಟೀ,

ಲಾರಿ ಊರು ಮುಟ್ಟಿದ ಸುದ್ದಿ ತಿಳಿದು ಸಮಾಧಾನವಾಯಿತು. ನೀನು ಗೇಟಿನಿಂದ ಹೊರಗೆ ತಿರುಗಿಸಿದ್ದನ್ನು ನೋಡಿ ತೂಕದಮ್ಮ, "ನಿಮ್ಗಿಂತ ವಾಸಿ" ಅಂದರು. ಅವತ್ತಿನಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾರೆ.

ಈಗ ಪೆಟ್ಟಿಗೆ ಕೂರಿಸುವ ಮಾತು. ನಾಲ್ಕು ಮೂಲೆಗೂ ಬೋಲ್ಟು ಬಿಗಿದರೆ ಚಾಸಿ ತಿರುಚಿದಾಗ ಮನೆ ಹರಿಯುತ್ತದೆ. ಮೂರೇ ಕಡೆ ಹಿಡಿಸಿ. ಹಿಂದೆ ಎರಡು ಕಡೆ ಭದ್ರವಾಗಿ, ಮುಂದೆ ಕ್ಯಾಬಿನ್ನಿನ ಹತ್ತಿರ ನಡುಮಧ್ಯೆ ಒಂದೇ ಕೀಲು, ತೊಟ್ಟಿಲ ಕೀಲಿನ ಹಾಗೆ ಆಡುವಂಥದ್ದು. ತೊಲೆಯ ಮೇಲಂಚಿಗೆ ತೂತು ಕೊರೆಯಬೇಡ, ಪಕ್ಕದಲ್ಲಿ ಮೊದಲೇ ಇರುವ ತೂತುಗಳು ಸಾಕು. ಅಚ್ಚಿನ ಯಂತ್ರ ಆಕ್ಸಲ್ಲುಗಳ ನಡುವೆ ಬರಲಿ, ನೀರಿನ ಟ್ಯಾಂಕು ತಳದಲ್ಲಿ ಇರಲಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಮುಂದಿನ ಒಂದು ಚಕ್ರವನ್ನು ಮೊಣಕಾಲೆತ್ತರದ ದಿಮ್ಮಿಯ ಮೇಲೆ ಹತ್ತಿಸಿ ನಿಲ್ಲಿಸಿ. ಆಗ ಮನೆಯ ಬಾಗಿಲು ತೆಗೆಯಿರಿ. ಚೌಕಟ್ಟಿಗೆ ಕಚ್ಚದೆ ಸಲೀಸಾಗಿ ತೆರೆದರೆ ಎಲ್ಲಿಗೆ ಬೇಕಾದರೂ ಹೋಗಿ. ಕಚ್ಚಿದರೆ ಹೊರಡಬೇಡಿ, ನನಗೆ ಬರೆಯಿರಿ.

ಅಕ್ಕನಿಂದ ಇನ್ನೂ ಪತ್ರವಿಲ್ಲ.

ಮಾವ


ಜೂನ್ ೨೭

ಮಾವ,

ಪರೀಕ್ಷೆ ನಿನ್ನೆ ಆಯಿತು. ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನಿಂದ ಲಾರಿ ಹೊರಗೆ ತಂದೆವು. ಉದ್ದಣ್ಣ ಎರಡು ಹಳೆ ರೈಲ್ವೆ ದಿಮ್ಮಿ ಜೋಡಿಸಿದ. ಅಷ್ಟರಲ್ಲಿ ಅಮ್ಮ ಬಂದಳು, ಕೊರಳಲ್ಲಿ ಅಳತೆ ಪಟ್ಟಿ. ಮನೆ ಕಟ್ಟಲು ಶುರುಮಾಡಿದ ಮೇಲೆ ಅವಳು ಶೆಡ್ಡಿಗೆ ಕಾಲಿಟ್ಟಿದ್ದು ಅದೇ ಮೊದಲು.

"ಕಿಟಕಿಗೆ ಏನು ಕಟ್ತೀರಿ?" ಎಂದು ಕೇಳಿದಳು.

"ಹಳೇ ಪೋಸ್ಟರ್ ಅಂಟಿಸೋಣ ಅಂತ" ಎಂದ ಉದ್ದಣ್ಣ.

"ಹೆಣ್ಣುಮಕ್ಕಳು ಇರೋ ಕಡೆ ಪೋಸ್ಟರ್ ಅಂಟಿಸ್ತಾನಂತೆ. ಸರಿ ಆಚೆ. ಪರದೆ ಅಳತೆಗೆ ಬಂದಿದ್ದೀನಿ ಅಷ್ಟೇ, ಒಪ್ಪಿಗೆ ಅಂದ್ಕೋಬೇಡಿ." ನರ್ಸ್ ಅಕ್ಕ ಕೈ ಕೊಡುವ ಮೊದಲೇ ಮೆಟ್ಟಿಲು ಹತ್ತಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಪರೀಕ್ಷೆ ಇದೆ, ಇಳಿದುಬಿಡು ಎಂದು ಕೂಗಿ ಹೇಳಿದೆ. "ನಾನು ಅಳತೆ ಮಧ್ಯದಲ್ಲಿದ್ದೀನಿ. ನಿಮ್ಮ ಆಟ ನೀವಾಡ್ಕೊಳ್ಳಿ" ಎಂದು ಒಳಗಿನಿಂದ ಉತ್ತರ ಬಂತು.

ಲಾಕ್ ಬಿಟ್ಟು, ಮೊದಲನೇ ಗೇರಿನಲ್ಲಿ ಹತ್ತಿಸಿದೆ. ಎಡ ಚಕ್ರ ಇಂಚಿಂಚೇ ದಿಮ್ಮಿಯ ಮೇಲೇರಿತು. ಕ್ಯಾಬಿನ್ ಒಂದು ಕಡೆಗೆ ವಾಲಿತು, ನಾನು ಸೀಟಿನಲ್ಲಿ ಜಾರಿದೆ. ಎಂಜಿನ್ ಆರಿಸಿ ಇಳಿದು ನೋಡಿದರೆ ಕ್ಯಾಬಿನ್ ಬಲಕ್ಕೆ ಓರೆಯಾಗಿತ್ತು, ಅದರ ಹಿಂದೆ ಮನೆ ನೆಟ್ಟಗೆ ನಿಂತಿತ್ತು. ಚಾಸಿ ನೀವು ಹೇಳಿದ ಹಾಗೆ ತಿರುಚಿಕೊಂಡಿತ್ತು. ಇನ್ನು ಬಾಗಿಲು. ನಾವು ಮೂವರೂ ಅದರ ಮುಂದೆ ನಿಂತೆವು. ಐದು ತಿಂಗಳ ಕೆಲಸ ಆ ಹಿಡಿಯಲ್ಲಿತ್ತು. ನಾಲ್ಕು ದಿನ ಕಳೆದರೆ ಶೆಡ್ಡೂ ಇಲ್ಲ. ಯಾರು ಎಳೆಯಬೇಕು ಎಂದು ಓಟು ಹಾಕುವ ಧೈರ್ಯ ಕೂಡ ಯಾರಿಗೂ ಇರಲಿಲ್ಲ.

ಬಾಗಿಲು ಒಳಗಿನಿಂದ ತೆರೆಯಿತು. ಸದ್ದೇ ಇಲ್ಲದೆ, ಬಟ್ಟೆ ಅಂಗಡಿಯ ಗಾಜಿನ ಬಾಗಿಲಿನ ಹಾಗೆ. ಅಮ್ಮ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದಳು.

"ಏನು, ಮೂರೂ ಜನ ಸಾಲಾಗಿ ನಿಂತಿದ್ದೀರಿ? ಶುರು ಮಾಡಿ ಮತ್ತೆ."

"ಆಗಿಹೋಯ್ತು ಅಮ್ಮ" ಎಂದೆ.

ಅವಳು ಕೆಳಗೆ ಬಗ್ಗಿ ದಿಮ್ಮಿಯ ಮೇಲಿದ್ದ ಚಕ್ರ ನೋಡಿದಳು. ಬಾಗಿಲನ್ನು ಒಮ್ಮೆ ಮುಚ್ಚಿದಳು, ಮತ್ತೆ ತೆರೆದಳು. ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಬೆರಳು ಆಡಿಸಿದಳು, ಹೊಲಿಗೆ ನೋಡುವಾಗ ಆಡಿಸುತ್ತಾಳಲ್ಲ, ಹಾಗೆ. ಗುಂಡುಸೂಜಿ ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಇದನ್ನ ನನ್ನ ತಮ್ಮ ಆರಿಸಿದ್ದಾ?"

"ಹೂಂ. ಮನೆ ಹೀಗೆ ಕೂರಿಸೋದು ಹೇಳಿಕೊಟ್ಟಿದ್ದೂ ಮಾವನೇ."

"ಹೇಳಿದ ಒಂದು ಕೆಲಸ ಮಾಡೋಕ್ಕಾಗ್ಲಿಲ್ಲ ಅವನ ಕೈಲಿ" ಎಂದಳು. ಬೈಗುಳದ ಮಾತೇ, ಆದರೆ ಬೈಗುಳದ ಹಾಗೆ ಕೇಳಲಿಲ್ಲ. ಈ ಪತ್ರದ ಜೊತೆ ಅವಳದ್ದೂ ಒಂದು ಲಕೋಟೆ ಇದೆ, ಅಂಟಿಸಿ ಕೊಟ್ಟಿದ್ದಾಳೆ. ಏನಿದೆಯೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ.

ಸೋಮವಾರ ಬೆಳಿಗ್ಗೆ ಹೊರಡುತ್ತೇವೆ. ಒಂಬೈನೂರ ನಲವತ್ತು ಪುಸ್ತಕ, ಕೈಯಲ್ಲಿ ತಿರುಗಿಸುವ ಸಣ್ಣ ಅಚ್ಚಿನ ಯಂತ್ರ, ನರ್ಸ್ ಅಕ್ಕನ ಔಷಧಿ ಪೆಟ್ಟಿಗೆ, ಐದು ದಿನದ ನೀರು. ತೂಗಿಸಿ ನೋಡಿದೆವು, ಲಾರಿ ಒಪ್ಪಿಸುವಾಗ ನೀವು ಹೇಳಿದ ತೂಕದ ಮಿತಿಗಿಂತ ಇನ್ನೂರು ಕಿಲೋ ಕಡಿಮೆಯೇ ಇದೆ. ಉದ್ದಣ್ಣ ಉದ್ದುದ್ದಕ್ಕೆ ಮಲಗುವ ಹಾಗೆ ಹಲಗೆ ಹಾಕಿದ್ದೇವೆ. ಲೈಸೆನ್ಸ್ ಬರುವವರೆಗೆ ಅವನಿಗೆ ಅಡುಗೆಯ ಸರದಿ ಹೆಚ್ಚು.

ಇಷ್ಟು ಬರೆಯುತ್ತಿರುವಾಗ ಅಮ್ಮ ಪರದೆಯ ಅಂಚು ಮಡಿಚುತ್ತ ಎದುರಿಗೇ ಕೂತಿದ್ದಾಳೆ. ಕಾರ್ಖಾನೆಗೆ ಎರಡು ದಿನ ರಜೆ ಹಾಕಿದ್ದಾಳಂತೆ. ಗಾಡಿ ಓಡುವಾಗ ಪರದೆ ಹೇಗೆ ನಿಲ್ಲುತ್ತದೆ ಎಂದು ನೋಡಬೇಕಂತೆ, ಸುರಂಗದವರೆಗೆ ಬಂದು ಬಸ್ಸಿನಲ್ಲಿ ವಾಪಸಾಗುತ್ತಾಳಂತೆ. ಎಲ್ಲಿ ಕೂರುತ್ತೀ ಎಂದು ಕೇಳಿದೆ.

"ಮುಂದೆ," ಎಂದಳು, "ಕಿಟಕಿ ಪಕ್ಕ."

ನಿಮ್ಮ ಸೊಸೆ